ನಾನು ತಗೊಳ್ಳದ ಸಾಲಕ್ಕೆ ವಸೂಲಿ ಫೋನ್ ಬರುತ್ತಿದೆ, ಮೊದಲು ಎಲ್ಲಿಗೆ ಹೋಗಲಿ?

ಕೆಂಗೇರಿ ಕನಸು · ಸೋಮವಾರ ರಾತ್ರಿ 9:40

ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ಹೇಳಿ.

ವಿಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ಕೆಂಗೇರಿ ಕಡೆ ಒಂದು ಫ್ಲ್ಯಾಟ್ ನೋಡಿ, 50,000 ಅಡ್ವಾನ್ಸ್ ಕೊಟ್ಟು, ಹೋಮ್ ಲೋನ್‌ಗೆ ಅರ್ಜಿ ಹಾಕಿದ್ದೆವು. ಇವತ್ತು ಬ್ಯಾಂಕಿನಿಂದ ಕರೆ ಬಂತು. ಸಹಿ ಹಾಕಿಸೋಕೆ ಅಂದುಕೊಂಡು ಮೈಸೂರು ಪಾಕ್ ಬೇರೆ ತಗೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಮೇಡಂ, ಫೆಬ್ರವರಿಯಲ್ಲಿ 1,86,000 ಪರ್ಸನಲ್ ಲೋನ್ ತಗೊಂಡಿದ್ದೀರಿ, ಒಂದು ಕಂತೂ ಕಟ್ಟಿಲ್ವಲ್ಲ" ಅಂದ. ನಾನು ಪರ್ಸನಲ್ ಲೋನ್ ತಗೊಂಡವಳೇ ಅಲ್ಲ. ಸಾಲದ ಇತಿಹಾಸ ನೋಡಿ ಅಂಕ ಕೊಡುವ ಸಿಬಿಲ್‌ನಲ್ಲಿ 781 ಇದ್ದ ಸ್ಕೋರು 604ಕ್ಕೆ ಬಿದ್ದಿದೆ. ಮೈಸೂರು ಪಾಕ್ ಡಬ್ಬಿ ಹಾಗೇ ವಾಪಸ್ ಬಂತು.

ಎರಡು ವಾರದಿಂದ ಯಾರೋ ಫೋನ್ ಮಾಡಿ "ಪೇಮೆಂಟ್ ಯಾವಾಗ" ಅಂತ ಹಿಂದಿಯಲ್ಲಿ ಜೋರು ಮಾಡುತ್ತಿದ್ದರು. ಸ್ಪ್ಯಾಮ್ ಅಂತ ಕಟ್ ಮಾಡುತ್ತಿದ್ದೆ. ನಿನ್ನೆ ರಾತ್ರಿ ಒಂಬತ್ತೂವರೆಗೂ ಬಂದಿತ್ತು. ಸಾಲ ಕೊಟ್ಟಿರೋದು ಒಂದು ಲೋನ್ ಆ್ಯಪ್ ಕಂಪನಿ. ಮೊದಲು ಪೊಲೀಸಾ, ಆ ಕಂಪನಿಯಾ, ಸಿಬಿಲ್ಲಾ? ನಮ್ಮವರು "ಮೊದಲ ಕಂತು ಕಟ್ಟಿಬಿಡು, ಮನೆ ಸಾಲ ಆದಮೇಲೆ ಜಗಳ ಆಡೋಣ" ಅಂತಿದ್ದಾರೆ.

ಗಾಂಧಿಬಜಾರ್ ಗುಂಡ · 9:52

ಕಟ್ಟಬೇಡಿ. ಒಂದು ರೂಪಾಯಿನೂ ಕಟ್ಟಬೇಡಿ.

ಲೆಕ್ಕದ ಮೇಷ್ಟ್ರು · 10:05

ಗುಂಡ ಹೇಳಿದ್ದು ಸರಿ. ಕಾರಣ ಕೇಳಿ. ಒಂದು ಕಂತು ಕಟ್ಟಿದರೆ "ಸಾಲ ನಂದೇ" ಅಂತ ಒಪ್ಪಿಕೊಂಡ ಹಾಗೆ ಅವರು ತೋರಿಸುತ್ತಾರೆ. ಆಮೇಲೆ ವಸೂಲಿಯವರು "ಅರ್ಧ ಕೊಡಿ, ಸೆಟಲ್ ಮಾಡೋಣ" ಅಂತ ಬೆಣ್ಣೆ ಹಚ್ಚುತ್ತಾರೆ. ಅದಕ್ಕೂ ಬೀಳಬೇಡಿ. ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬಂದರೆ ಮುಂದೆ ಸಾಲ ಕೊಡುವ ಬ್ಯಾಂಕುಗಳು ಮೂಗು ಮುರಿಯುತ್ತವೆ. ಪೂರ್ತಿ ಕಟ್ಟಿ ಮುಗಿಸಿದ "ಕ್ಲೋಸ್ಡ್" ಬೇರೆ, ಕಡಿಮೆ ಕೊಟ್ಟು ಮುಗಿಸಿದ "ಸೆಟಲ್ಡ್" ಬೇರೆ. ನಿಮಗೆ ಬೇಕಿರೋದು ಎರಡೂ ಅಲ್ಲ, ಆ ಸಾಲ ನಿಮ್ಮ ಹೆಸರಿನಿಂದ ಪೂರ್ತಿ ಹೋಗಬೇಕು.

ಹಲಸೂರು ಹುಡುಗ · 10:11

ನಾನು ಕಟ್ಟಿದ್ದೆ. 3,200 ಸಾಲ, ನಾನು ತಗೊಂಡಿದ್ದಲ್ಲ. ಯಾರು ಅಲೆಯೋದು, ಪೀಡೆ ಹೋಗಲಿ ಅಂತ ಕಟ್ಟಿದೆ. ಎರಡು ತಿಂಗಳಲ್ಲಿ ಅದೇ ಪ್ಯಾನ್ ಮೇಲೆ ಇನ್ನೂ ಮೂರು ಸಾಲ. ಇವನು ಕಟ್ಟುವ ಗಿರಾಕಿ ಅಂತ ಗೊತ್ತಾಯಿತೇನೋ.

ಪದ್ಮನಾಭನಗರ ಪದ್ದಿ · 10:20

ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಕ್ಕಾ. ಮಿಕ್ಕಿದ್ದೆಲ್ಲ ಆಮೇಲೆ.

ಲೆಕ್ಕದ ಮೇಷ್ಟ್ರು · 10:26

ಪದ್ದಿ ಅವರೇ, 1930 ಮುಖ್ಯವಾಗಿ ಈಗಷ್ಟೇ ದುಡ್ಡು ಹೋದವರಿಗೆ. ಬೇಗ ಹೇಳಿದರೆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುತ್ತಾರೆ. ಇಲ್ಲಿ ಇವರ ಖಾತೆಯಿಂದ ಏನೂ ಹೋಗಿಲ್ಲ, ಸಾಲ ಆಗಿ ಐದು ತಿಂಗಳಾಗಿದೆ. ಇವರು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ ಸ್ವೀಕೃತಿ ನಂಬರ್ ತಗೊಳ್ಳಲಿ. ಇನ್ನು ಮುಂದೆ ಎಲ್ಲ ಪತ್ರದ ತಲೆ ಮೇಲೂ ಆ ನಂಬರ್ ಇರಬೇಕು.

ಪದ್ಮನಾಭನಗರ ಪದ್ದಿ · 10:28

ಎರಡನ್ನೂ ಮಾಡಿದರೆ ಕಳ್ಕೊಳ್ಳೋದೇನು ಸರ್? ಸುಮ್ನೆ ತಪ್ಪು ಹುಡುಕ್ತೀರಿ.

ಕೋರ್ಟ್ ಕ್ಯಾಂಟೀನ್ · 10:55

ವಕೀಲ ಅಲ್ಲ, ವಕೀಲರ ಆಫೀಸಿನಲ್ಲಿ ಗುಮಾಸ್ತ. ನೋಡಿದ್ದನ್ನ ಹೇಳುತ್ತೇನೆ.

ಪೊಲೀಸ್ ಸ್ಟೇಷನ್‌ನಲ್ಲಿ "ಇದು ಬ್ಯಾಂಕಿನ ವಿಷಯ, ಅಲ್ಲೇ ಹೋಗಿ" ಅಂದರೆ ವಾಪಸ್ ಬರಬೇಡಿ. ಬೇರೆಯವರ ಗುರುತು ಬಳಸಿ ಮೋಸ ಮಾಡೋದು ಐಟಿ ಕಾಯ್ದೆ 66ಸಿ, 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕೋರ್ಟ್ ಅಪ್ಪಣೆ ಇಲ್ಲದೆ ಎಫ್‌ಐಆರ್ ಹಾಕಬಹುದಾದ ಅಪರಾಧ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೋಗು ಹಾಕಿ ವಂಚಿಸಿದ್ದಕ್ಕೆ 319. ತನಿಖೆ ಮಾಡೋರು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ಅದಕ್ಕೇ ನಿಮ್ಮ ಡಿವಿಷನ್‌ನ ಸೆನ್ ಸ್ಟೇಷನ್‌ಗೆ ಹೋಗಿ, ಸೈಬರ್, ಆರ್ಥಿಕ, ಮಾದಕ ಅಪರಾಧ ನೋಡುವ ಠಾಣೆ ಅದು. "ನಮ್ಮ ಲಿಮಿಟ್ಸ್ ಅಲ್ಲ" ಅಂದರೂ ಜೀರೋ ಎಫ್‌ಐಆರ್, ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್, ಹಾಕಲೇಬೇಕು. ಅದಕ್ಕೂ ಒಪ್ಪದಿದ್ದರೆ ಅದೇ ದೂರನ್ನು ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ದೂರು ಒಂದೂವರೆ ಪುಟ ಸಾಕು. ಜನ ಹದಿನೈದು ಪುಟ ಬರೆದುಕೊಂಡು ಬರುತ್ತಾರೆ, ಮದುವೆ ಆದ ದಿನದಿಂದ ಶುರು. ರೈಟರ್ ಮೊದಲ ಪುಟದಲ್ಲೇ ಆಕಳಿಸುತ್ತಾನೆ.

ಬಜ್ಜಿ ಬೋಂಡ · 11:02

ಕಂಪನಿ ಹೆಸರು ಹಾಕಿ ಮೇಡಂ, ನಾವೆಲ್ಲ ಹೋಗಿ ಒಂದು ಸ್ಟಾರ್ ಕೊಟ್ಟು ಬರ್ತೀವಿ.

ನಿರ್ವಾಹಕ · 11:04

ಹೆಸರು ಬೇಡ. ಲೋನ್ ನಂಬರ್, ಫೋನ್ ನಂಬರ್, ಆಧಾರ್ ಫೋಟೋ ಯಾವುದನ್ನೂ ಇಲ್ಲಿ ಹಾಕಬೇಡಿ. ಗುರುತು ಕದ್ದಿದ್ದಾರೆ ಅಂತ ಹೇಳೋಕೆ ಹೋಗಿ ಗುರುತೇ ಹಂಚಿದ ಹಾಗಾಗುತ್ತದೆ. ಕಳೆದ ವರ್ಷ ಒಬ್ಬರು ಹಾಗೇ ಮಾಡಿದ್ದರು.

ಸಾಲದ ಕಿಟಕಿ · ಮಂಗಳವಾರ ಬೆಳಗ್ಗೆ 7:15

ಹತ್ತು ವರ್ಷ ಸಾಲ ಕೊಡುವ ಕಡೆಯೇ ಕೆಲಸ ಮಾಡಿದ್ದೇನೆ. ಇಲ್ಲಿ ಯಾರೂ ಮುಖ್ಯ ಪ್ರಶ್ನೆ ಕೇಳಿಲ್ಲ. ಮೇಡಂ, ಆ 1,86,000 ಯಾವ ಖಾತೆಗೆ ಹೋಯಿತು?

2022ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಡಿಜಿಟಲ್ ಸಾಲದ ನಿಯಮ ತಂದಿತು. ಸಾಲದ ಹಣ ನೇರವಾಗಿ ಸಾಲ ಪಡೆದವರ ಬ್ಯಾಂಕ್ ಖಾತೆಗೇ ಹೋಗಬೇಕು, ಮಧ್ಯದ ಆ್ಯಪ್‌ನವರ ಖಾತೆಗೆ ಹೋಗುವಂತಿಲ್ಲ. ಕಂಪನಿ ಆ ನಿಯಮ ಪಾಲಿಸಿದ್ದರೆ, ನಿಮ್ಮ ಹೆಸರಿನಲ್ಲಿ ನಿಮಗೇ ಗೊತ್ತಿಲ್ಲದ ಒಂದು ಉಳಿತಾಯ ಖಾತೆ ಎಲ್ಲೋ ಇದೆ. ಪಾಲಿಸಿಲ್ಲದಿದ್ದರೆ ತಪ್ಪು ಅವರದೇ. ಎರಡರಲ್ಲಿ ಯಾವುದಾದರೂ ನಿಮಗೆ ಲಾಭವೇ.

ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿ. ಹೆಸರು, ವಿಳಾಸ ಅವರ ಸೈಟಿನಲ್ಲೇ ಇರಬೇಕು. ನಾಲ್ಕು ವಿಷಯ ಕೇಳಿ: ಹಣ ಹೋದ ಖಾತೆ, ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್, ಕೆವೈಸಿಗೆ ತೆಗೆದ ಫೋಟೋ, ಸಹಿ ಆದ ಒಪ್ಪಂದ. ಫೋನಿನಲ್ಲಿ ಮಾತಾಡಬೇಡಿ. ಫೋನ್ ಎತ್ತುವವನು ವಸೂಲಿಯವನು, ಅವನಿಗೆ ಕಮಿಷನ್ ಮಾತ್ರ ಗೊತ್ತು.

ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದ್ದು ನಿಯಮಕ್ಕೆ ವಿರುದ್ಧ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡುವಂತಿಲ್ಲ. ಕಾಲ್ ಲಾಗ್ ಸ್ಕ್ರೀನ್‌ಶಾಟ್ ಇಡಿ.

ಗಾಂಧಿಬಜಾರ್ ಗುಂಡ · 7:40

ಕಿಟಕಿ ಸಾರ್, ಬೆಳಗಾಗೆದ್ದು ಎದೆ ಝಲ್ ಅನ್ನಿಸಿದ್ರಿ. ಗೊತ್ತಿಲ್ಲದ ಖಾತೆ ಇದ್ದರೆ ಅದನ್ನ ಹುಡುಕೋದು ಹೇಗೆ? ಸಿಬಿಲ್‌ನಲ್ಲಿ ಬರುತ್ತಾ?

ಲೆಕ್ಕದ ಮೇಷ್ಟ್ರು · 8:03

ಬರಲ್ಲ. ಅಲ್ಲಿ ಸಾಲ, ಕ್ರೆಡಿಟ್ ಕಾರ್ಡ್ ಮಾತ್ರ. ಆದಾಯ ತೆರಿಗೆ ಸೈಟಿಗೆ ಲಾಗಿನ್ ಆಗಿ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ, ತೆಗೆಯಿರಿ. ನಿಮ್ಮ ಪ್ಯಾನ್ ಮೇಲೆ ಯಾವ ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿದೆ ಅಂತ ಸಾಲು ಸಾಲಾಗಿ ಇರುತ್ತದೆ. ರಿಟರ್ನ್ ಹಾಕುವಾಗ ನಾವೆಲ್ಲ ಕಣ್ಣು ಮುಚ್ಚಿ ಮುಂದೆ ಹೋಗುವ ಪುಟ. ಹಾಗೇ ಜಿಎಸ್‌ಟಿ ಸೈಟಿನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಹಾಕಿ ಹುಡುಕಬಹುದು. ನಮ್ಮ ಚಿಕ್ಕಪ್ಪ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಪ್ಯಾನ್ ಮೇಲೆ ಬೇರೆ ರಾಜ್ಯದಲ್ಲಿ ಗುಜರಿ ಕಬ್ಬಿಣದ ವ್ಯಾಪಾರ ನಡೆಯುತ್ತಿತ್ತು. ನೋಟಿಸ್ ಬಂದಾಗ ಅವರು ಕೇಳಿದ್ದು, "ವ್ಯಾಪಾರದಲ್ಲಿ ಲಾಭ ಇದೆಯಂತಾ?"

ಕೆಂಗೇರಿ ಕನಸು · 1:30

ಆಫೀಸಿನಲ್ಲೇ ಎಐಎಸ್ ತೆಗೆದೆ. ಮೂರು ಸಾಲು ಬಡ್ಡಿ ಇದೆ. ಎರಡು ನನ್ನ ಖಾತೆ. ಮೂರನೆಯದು ನಾನು ಮೆಟ್ಟಿಲೂ ಹತ್ತದ ಬ್ಯಾಂಕು. ಬಡ್ಡಿ 38 ರೂಪಾಯಿ.

38 ರೂಪಾಯಿ ನೋಡಿ ಕೈ ನಡುಗಿದ್ದು ಇದೇ ಮೊದಲು.

ಸಾಲದ ಕಿಟಕಿ · 1:41

ಅದೇ. ಆ ಬ್ಯಾಂಕಿಗೆ ಇವತ್ತೇ ಬರೆದುಕೊಡಿ: ಖಾತೆ ನನ್ನದಲ್ಲ, ತಡೆಹಿಡಿಯಿರಿ, ತೆರೆದಾಗ ಕೊಟ್ಟ ದಾಖಲೆ ತೋರಿಸಿ. ಶಾಖೆಗೇ ಹೋಗಿ, ನಿಮ್ಮ ಪ್ರತಿ ಮೇಲೆ ಸೀಲ್ ಹಾಕಿಸಿ. ಸೀಲ್ ಇಲ್ಲದ ಪತ್ರ ಗಾಳಿಪಟ.

ಬಜ್ಜಿ ಬೋಂಡ · 1:50

ಓಟಿಪಿ ಇಲ್ಲದೆ ಖಾತೆ ಹೇಗೆ ತೆರೆದರು? ನೀವು ಯಾರಿಗೋ ಓಟಿಪಿ ಹೇಳಿದ್ದೀರಿ ಮೇಡಂ, ನೆನಪು ಮಾಡ್ಕೊಳ್ಳಿ.

ಪದ್ಮನಾಭನಗರ ಪದ್ದಿ · 1:53

ಎಲ್ಲದಕ್ಕೂ ಹೆಂಗಸರದೇ ತಪ್ಪು, ಅಲ್ವಾ?

ಸಾಲದ ಕಿಟಕಿ · 2:10

ಮೇಡಂ ಫೋನಿಗೆ ಓಟಿಪಿ ಬರದೆಯೂ ಆಗುತ್ತದೆ. ಏಜೆಂಟ್ ಫೋನಿನಲ್ಲಿ ಕಾರ್ಡಿನ ಫೋಟೋ, ಎದುರಿಗೆ ಕೂತವನ ಫೋಟೋ ತೆಗೆದು ಅಪ್‌ಲೋಡ್ ಮಾಡಿದರೆ ಆಯಿತು. ಎರಡೂ ಒಂದೇ ಮುಖವಾ ಅಂತ ನೋಡಬೇಕಾದವನು ನೋಡದಿದ್ದರೆ ಕಥೆ ಮುಗಿಯಿತು. ಪ್ಯಾನ್ ಕಾರ್ಡಿನ ಫೋಟೋ ಬದಲಾಯಿಸೋದು ಫೋಟೋಶಾಪ್ ಕಲಿತ ಹುಡುಗನಿಗೆ ಐದು ನಿಮಿಷದ ಕೆಲಸ. ನಟ ರಾಜ್‌ಕುಮಾರ್ ರಾವ್ ಅವರ ಪ್ಯಾನ್ ಮೇಲೂ ಯಾರೋ 2,500 ರೂಪಾಯಿ ಸಾಲ ಎತ್ತಿದ್ದರು, 2022ರಲ್ಲಿ ಅವರೇ ಟ್ವೀಟ್ ಮಾಡಿ ಹೇಳಿಕೊಂಡಿದ್ದರು. ಮುಖ ಗೊತ್ತಿರುವವರಿಗೇ ಹೀಗೆ.

ಮೇಡಂ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ನೋಡಿ. ಒಬ್ಬರ ಹೆಸರಿಗೆ 9 ಸಿಮ್‌ವರೆಗೆ ಕೊಡುತ್ತಾರೆ. ಕಳ್ಳರಿಗೆ ಅಷ್ಟು ಜಾಗ ಇದೆ.

ಮಾರಾಯ್ರೆ · 3:25

ಮನೆ ಮಾವನಿಗೆ ಆದದ್ದು ಹೇಳ್ತೇನೆ. ಯಲಹಂಕದಲ್ಲಿ ಸೈಟ್ ರಿಜಿಸ್ಟರ್ ಆಗಿ ಎರಡು ತಿಂಗಳು. ಬೆಳಗ್ಗೆ ವಾಕಿಂಗ್‌ನಲ್ಲಿ ಇದ್ದಾಗ ಖಾತೆಯಿಂದ 10,000 ಹೋಯಿತು. ಓಟಿಪಿ ಇಲ್ಲ, ಕಾರ್ಡ್ ಇಲ್ಲ, ಪಿನ್ ಇಲ್ಲ. ಆಧಾರ್ ಮತ್ತು ಬೆರಳಚ್ಚಿನಲ್ಲಿ ದುಡ್ಡು ತೆಗೆಯುವ ಎಇಪಿಎಸ್ ಉಂಟಲ್ಲ, ಅದರಲ್ಲಿ. ಎಲ್ಲಿಂದ ಸೋರಿತೋ ದೇವರಿಗೇ ಗೊತ್ತು. 2023ರಲ್ಲಿ ಬೆಂಗಳೂರಿನಲ್ಲಿ ನೋಂದಣಿ ಪತ್ರದ ಬೆರಳಚ್ಚು ನಕಲು ಮಾಡಿ ದುಡ್ಡು ಎಗರಿಸಿದ ಕೇಸು ಸುಮಾರು ಬಂದಿತ್ತು.

ಮಾವ ಮರುದಿನವೇ ಬ್ಯಾಂಕಿಗೆ ಬರೆದುಕೊಟ್ಟರು. ಮೂರು ಕೆಲಸದ ದಿನದ ಒಳಗೆ ಹೇಳಿದರೆ, ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲದಿದ್ದಾಗಲೂ, ನಮ್ಮ ಹೊಣೆ ಸೊನ್ನೆ. 2017ರ ಆರ್‌ಬಿಐ ಸುತ್ತೋಲೆಯಲ್ಲಿ ಉಂಟು. ದುಡ್ಡು ವಾಪಸ್ ಬಂತು. ಆಮೇಲೆ ಮನೆಯವರದೆಲ್ಲ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ. ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಬಹುದು. ಮಾವ ಮಾತ್ರ ಈಗಲೂ ಹಾಲಿನವನಿಗೂ ಹೆಬ್ಬೆರಳು ತೋರಿಸುವುದಿಲ್ಲ ಮಾರಾಯ್ರೆ.

ಕಡ್ಲೆಕಾಯಿ ಪರಿಷೆ · 4:00

ನಮ್ಮ ಗುರುತು ಎಲ್ಲಿಂದ ಸೋರುತ್ತದೆ ಅಂದರೆ, ಆಧಾರ್ ಜೆರಾಕ್ಸ್ ಬಗ್ಗೆ ನಂದೊಂದು. ಹೋದ ಕಾರ್ತಿಕದಲ್ಲಿ ಬಸವನಗುಡಿ ಪರಿಷೆಗೆ ಹೋಗಿದ್ದೆ. ಬುಲ್ ಟೆಂಪಲ್ ರೋಡಿನಲ್ಲಿ ಒಂದು ಸೇರು ಹುರಿದ ಕಡ್ಲೆಕಾಯಿ ತಗೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಯಾರದೋ ಬಾಡಿಗೆ ಕರಾರು. ಕೆಳಗೆ ಆಧಾರ್ ಜೆರಾಕ್ಸ್, ಫೋಟೋ, ಸಹಿ, ಅಪ್ಪನ ಹೆಸರು ಎಲ್ಲ. ಎಣ್ಣೆ ಕಲೆ ಮುಖದ ಮೇಲೆ ಮಾತ್ರ ಇತ್ತು, ನಂಬರ್ ಸ್ಪಷ್ಟ. ಮನೆಗೆ ತಂದು ಸುಟ್ಟೆ.

ಬಜ್ಜಿ ಬೋಂಡ · 4:06

ನಾನು ಬೋಂಡಾ ಕಟ್ಟುವಾಗ ಬಾಳೆಲೆ ಬಳಸ್ತೀನಿ, ಗಮನಿಸಿ.

ಹಲಸೂರು ಹುಡುಗ · 4:15

ಮಾಸ್ಕ್ಡ್ ಆಧಾರ್ ಕೊಡಿ ಅಂತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋದು. ಪಿಜಿ ಓನರ್‌ಗೆ ಕೊಟ್ಟೆ. "ಅರ್ಧ ಆಧಾರ್ ಕೊಟ್ಟರೆ ಅರ್ಧ ರೂಮು ಕೊಡ್ತೀನಿ" ಅಂದರು.

ಲೆಕ್ಕದ ಮೇಷ್ಟ್ರು · 4:31

ಪೂರ್ತಿದೇ ಕೊಡಬೇಕಾಗಿ ಬಂದರೆ ಜೆರಾಕ್ಸ್ ಮೇಲೆ ಅಡ್ಡಡ್ಡ ಬರೆಯಿರಿ: "ಇಂಥ ಮನೆ ಬಾಡಿಗೆಗೆ ಮಾತ್ರ", ದಿನಾಂಕ, ಸಹಿ. ಅಕ್ಷರ ಫೋಟೋ ಮತ್ತು ನಂಬರ್ ಮೇಲೆ ಹಾಯಬೇಕು. ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಬಿಸಾಕುತ್ತಾರೆ.

ನ್ಯೂಜೆರ್ಸಿ ನಾಗು · ಬುಧವಾರ ಬೆಳಗ್ಗೆ 6:20

ಇಲ್ಲಿ ಅಮೆರಿಕದಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಬಿಡುತ್ತೇವೆ, 2018ರಿಂದ ಪುಕ್ಕಟೆ. ಹೊಸ ಸಾಲ ಯಾರೂ ಎತ್ತಲು ಆಗಲ್ಲ. ಅದನ್ನ ಮಾಡಿ ಮುಗಿಸಿ, ಯಾಕಿಷ್ಟು ಒದ್ದಾಟ?

ಸಾಲದ ಕಿಟಕಿ · 6:45

ನಾಗು ಅವರೇ, ನಮ್ಮಲ್ಲಿ ಆ ತರಹದ ಫ್ರೀಜ್ ಇಲ್ಲ. ಇರೋದು ಎಚ್ಚರಿಕೆ. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಎಸ್ಸೆಮ್ಮೆಸ್ ಅಥವಾ ಮೇಲ್ ಬರಬೇಕು. ಅದಕ್ಕೆ ನಿಮ್ಮ ಈಗಿನ ನಂಬರ್ ಅವರ ಹತ್ತಿರ ಇರಬೇಕು. ಸುಮಾರು ಜನರದು ಬಿಟ್ಟುಹಾಕಿದ ಹಳೆ ನಂಬರೇ ಇರುತ್ತದೆ.

ಇನ್ನೊಂದು ವಿಷಯ. ಎಲ್ಲರೂ ಸಿಬಿಲ್ ಸಿಬಿಲ್ ಅಂತೀರಿ. ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಒಂದೊಂದರಿಂದಲೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ. ತಕರಾರು ನಾಲ್ಕರಲ್ಲೂ ಹಾಕಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು, 2024ರ ಏಪ್ರಿಲ್‌ನಿಂದ ಈ ನಿಯಮ. ಸಾಲ ಕೊಟ್ಟ ಕಂಪನಿ 30 ದಿನ ಸುಮ್ಮನಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು, ಅದಕ್ಕೂ ಶುಲ್ಕ ಇಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಹಾಕೋದು ಅಂತ ಹೇಳುತ್ತಾರೆ.

ಕೆಂಗೇರಿ ಕನಸು · ಎರಡನೇ ಸೋಮವಾರ, ರಾತ್ರಿ 10:15

ಒಂದು ವಾರದ ವರದಿ.

ಸಂಚಾರ್ ಸಾಥಿಯಲ್ಲಿ ನನ್ನ ಹೆಸರಿಗೆ ನಾಲ್ಕು ಸಿಮ್. ನಂದು ಒಂದು, ಅಮ್ಮನ ಕೈಲಿರೋದು ಒಂದು. ಇನ್ನೆರಡು ಯಾರದೋ. "ನನ್ನ ನಂಬರ್ ಅಲ್ಲ" ಅಂತ ಒತ್ತಿದೆ. ಒತ್ತುವ ಮೊದಲು ಸ್ಕ್ರೀನ್‌ಶಾಟ್ ತಗೊಂಡಿದ್ದೆ, ಅದು ಒಳ್ಳೆಯದಾಯಿತು.

ಮೊದಲು ಹೋದ ಸ್ಟೇಷನ್‌ನಲ್ಲಿ ನಿರೀಕ್ಷಿಸಿದ ಹಾಗೇ "ಬ್ಯಾಂಕಿಗೆ ಹೋಗಿ" ಅಂದರು. ಕ್ಯಾಂಟೀನ್ ಅವರು ಹೇಳಿದ್ದ 66ಸಿ ಬಾಯಲ್ಲಿ ಬಂತು. ಅಲ್ಲಿದ್ದ ಹಿರಿಯ ಪೇದೆ ನನ್ನನ್ನೇ ನೋಡಿ, "ಕೂತ್ಕೊಳಮ್ಮ, ಲಾಯರಾ?" ಅಂದರು. ಅಲ್ಲ, ಅಕೌಂಟ್ಸ್ ಅಂದೆ. ಅವರೇ ಸೆನ್ ಸ್ಟೇಷನ್‌ಗೆ ಕಳಿಸಿದರು. ಅಲ್ಲಿ ಎರಡು ಗಂಟೆ ಕಾದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹುಡುಗ ಪಾರ್ಟ್‌ಟೈಮ್ ಕೆಲಸ ಅಂತ ನಂಬಿ ಮೂರು ಲಕ್ಷ ಕಳ್ಕೊಂಡಿದ್ದ. ಅಮ್ಮನಿಗೆ ಇನ್ನೂ ಹೇಳಿರಲಿಲ್ಲವಂತೆ. ಅಷ್ಟೂ ಹೊತ್ತು ಫೋನ್ ಉಲ್ಟಾ ಇಟ್ಟು ಅದನ್ನೇ ನೋಡ್ತಿದ್ದ. ನನಗೆ ಎಫ್‌ಐಆರ್ ಪ್ರತಿ ಸಿಕ್ಕಿತು.

ಕಂಪನಿಯವರು ಎಫ್‌ಐಆರ್ ನೋಡಿದ ಮೇಲೆ ದಾಖಲೆ ಕಳಿಸಿದರು. ಅರ್ಜಿಯ ಮೊಬೈಲ್ ನಂಬರಿನ ಕೊನೆಯ ಅಂಕಿಗಳು ಆ ಎರಡು ಸಿಮ್‌ಗಳಲ್ಲಿ ಒಂದರದ್ದೇ. ಹಣ ಹೋದದ್ದು 38 ರೂಪಾಯಿ ಖಾತೆಗೇ.

ಈಗ ಫೋಟೋ. ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರು. ಕೆಳಗೆ ನಮ್ಮಪ್ಪನ ಹೆಸರು. ಹುಟ್ಟಿದ ದಿನ ನನ್ನದೇ. ಪಕ್ಕದಲ್ಲಿ ದಪ್ಪ ಮೀಸೆಯ ಗಂಡಸು. ಸೆಲ್ಫಿಯಲ್ಲೂ ಅವನೇ, ಗೆರೆ ಶರ್ಟ್, ಹಿಂದೆ ನೀಲಿ ಪರದೆ. ಅರ್ಜಿಯಲ್ಲಿ ಲಿಂಗ: ಹೆಣ್ಣು.

ನಗಬೇಕೋ ಅಳಬೇಕೋ ಗೊತ್ತಾಗದೆ ನಮ್ಮವರಿಗೆ ತೋರಿಸಿದೆ. ಐದು ನಿಮಿಷ ನೋಡಿ, "ಕಿವಿ ಸ್ವಲ್ಪ ನಿನ್ನ ತರಹವೇ ಇದೆ" ಅಂದರು.

ಗಾಂಧಿಬಜಾರ್ ಗುಂಡ · 10:19

ನಿಮ್ಮವರಿಗೆ ಮೈಸೂರು ಪಾಕ್ ಕೊಡಬೇಡಿ.

ಬಜ್ಜಿ ಬೋಂಡ · 10:22

ಓಟಿಪಿ ವಿಷಯಕ್ಕೆ ಕ್ಷಮಿಸಿ ಮೇಡಂ.

ಕೋರ್ಟ್ ಕ್ಯಾಂಟೀನ್ · 10:40

ಆ ಫೋಟೋನೇ ಸಾಕು. ನಾಲ್ಕು ಸಂಸ್ಥೆಗೂ ಎಫ್‌ಐಆರ್ ಜೊತೆ ಅದನ್ನೂ ಸೇರಿಸಿ ಕಳಿಸಿ. ಕಂಪನಿಯಿಂದ "ಈ ಸಾಲ ಇವರದಲ್ಲ" ಅಂತ ಪತ್ರ ತಗೊಳ್ಳಿ, ಲೆಟರ್‌ಹೆಡ್ ಮೇಲೆ. ಇಲ್ಲದಿದ್ದರೆ ಇವತ್ತು ತೆಗೆದು, ಆರು ತಿಂಗಳು ಬಿಟ್ಟು ಆ ಸಾಲವನ್ನ ಇನ್ನೊಂದು ವಸೂಲಿ ಕಂಪನಿಗೆ ಮಾರಿದರೆ ಮತ್ತೆ ಮೊದಲಿನಿಂದ ಶುರು.

ಕೆಂಗೇರಿ ಕನಸು · ಐದು ವಾರದ ನಂತರ

ಪತ್ರ ಬಂತು. ಮೂರು ಸಂಸ್ಥೆಗಳಲ್ಲಿ ಸಾಲ ತೆಗೆದಿದ್ದಾರೆ, ಒಂದರಲ್ಲಿ ಇನ್ನೂ ಇದೆ, 34ನೇ ದಿನ. ಮೇಷ್ಟ್ರೇ, 400 ರೂಪಾಯಿ ಲೆಕ್ಕ ಇಟ್ಟಿದ್ದೇನೆ. ಸ್ಕೋರು 769. ಫ್ಲ್ಯಾಟ್ ಹೋಯಿತು, ಓನರ್ ಕಾಯಲಿಲ್ಲ. ಅಡ್ವಾನ್ಸ್‌ನಲ್ಲಿ 10,000 ಹಿಡ್ಕೊಂಡು ಮಿಕ್ಕಿದ್ದು ಕೊಟ್ಟರು.

ಮಾರಾಯ್ರೆ · ಅದೇ ದಿನ

ಹತ್ತು ಸಾವಿರ ಹಿಡ್ಕೊಂಡದ್ದು ಯಾವ ನ್ಯಾಯ? ಅದಕ್ಕೆ ಬೇರೆ ಥ್ರೆಡ್ ಮಾಡಿ, ಬರ್ತೇನೆ.

ಹೊಸಬಳು 2 · ಮರುದಿನ ರಾತ್ರಿ 11:05

ನಮಸ್ತೆ. ಹುಡುಕುತ್ತಾ ಇಲ್ಲಿಗೆ ಬಂದೆ. ನನ್ನ ಹೆಸರಲ್ಲೂ 92,000 ಸಾಲ ಇದೆ, ನಾನು ತಗೊಂಡಿಲ್ಲ. ಕಟ್ಟಿಬಿಡಲಾ ಅಂತ ಯೋಚಿಸ್ತಿದ್ದೆ.

ಹಲಸೂರು ಹುಡುಗ · 11:07

ಮೇಲಿಂದ ಓದಿ ಮೇಡಂ, ದಯವಿಟ್ಟು.

ಹೊಸಬಳು 2 · 11:48

ಓದಿದೆ. ನಾನೂ ಮೊನ್ನೆ ದಾಖಲೆ ತರಿಸಿಕೊಂಡಿದ್ದೆ, ಪಿಡಿಎಫ್ ತೆರೆದು ನೋಡಿರಲಿಲ್ಲ. ಈಗ ನೋಡಿದೆ. ಕೆಂಗೇರಿ ಕನಸು ಅವರೇ, ನಿಮ್ಮ ಆ ಫೋಟೋದಲ್ಲಿ ನೀಲಿ ಪರದೆ ಮೇಲೆ ಬಿಳಿ ಹೂವು ಇತ್ತಾ?

ಕೆಂಗೇರಿ ಕನಸು · 11:50

ಇತ್ತು.

ಕೆಂಗೇರಿ ಕನಸು · 11:51

ನೀವು ಮೊದಲು ಬಿಟಿಎಂ ಕಡೆ ಯಾವುದಾದರೂ ಪಿಜಿಯಲ್ಲಿ ಇದ್ರಾ?

ಹೊಸಬಳು 2 · 11:52

ಹೌದು. 2021ರಲ್ಲಿ, ಎಂಟು ತಿಂಗಳು.

ಕೆಂಗೇರಿ ಕನಸು · 11:54

ಎಫ್‌ಐಆರ್ ನಂಬರ್ ಮೆಸೇಜ್‌ನಲ್ಲಿ ಕಳಿಸಿದ್ದೇನೆ. ನಾಳೆ ಹತ್ತು ಗಂಟೆಗೆ ಸ್ಟೇಷನ್ ಹತ್ತಿರ ಬನ್ನಿ, ನಾನು ರಜೆ ಹಾಕ್ತೀನಿ. ಪಿಜಿ ರಸೀದಿ ಇದ್ದರೆ ತನ್ನಿ.